ಗುರುವಾರದ ಗೇಟು: ಭೋಸರಿಯ ಒಂದು ಕಾರ್ಖಾನೆ, ಒಂದು ವಿಶ್ವವಿದ್ಯಾಲಯ, ಎರಡು ವರ್ಷ

ಮೊದಲ ದಿನ ಇಂಜಿನಿಯರಿಂಗ್ ಹುಡುಗರು ಬಂದು ನಿಂತದ್ದು ನಮ್ಮ ಕಾರ್ಖಾನೆಯ ಬೀಗ ಹಾಕಿದ ಗೇಟಿನ ಮುಂದೆ. ನಾಲ್ಕು ಜನ, ಎರಡು ಬೈಕು, ಜಿಟಿಜಿಟಿ ಮಳೆ. ವಾಚ್‌ಮನ್ ಫೋನ್ ಮಾಡಿದಾಗ ನಾನು ಮನೆಯಲ್ಲಿ ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದೆ, ಯಾಕೆಂದರೆ ಅವತ್ತು ಗುರುವಾರ. ಪುಣೆಯ ಭೋಸರಿ, ಪಿಂಪ್ರಿ-ಚಿಂಚವಾಡ ಕಡೆ ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರ ಅಲ್ಲ, ಗುರುವಾರ. ಕರೆಂಟು ಹಂಚಿಕೊಳ್ಳುವ ಲೆಕ್ಕದಲ್ಲಿ ಬಂದ ಪದ್ಧತಿ, ಹಾಗೇ ಉಳಿದುಕೊಂಡಿದೆ. ಕಾಲೇಜಿನ ಟೈಮ್‌ಟೇಬಲ್ಲಿನಲ್ಲಿ ಕೊನೇ ವರ್ಷದವರಿಗೆ ಪ್ರಾಜೆಕ್ಟ್ ಕೆಲಸಕ್ಕೆಂದು ಖಾಲಿ ಬಿಟ್ಟಿದ್ದ ದಿನವೂ ಗುರುವಾರವೇ!

ಅವರ ವಿಶ್ವವಿದ್ಯಾಲಯಕ್ಕೂ ನಮಗೂ ನಡುವಿನ ಒಪ್ಪಂದಕ್ಕೆ ಸಹಿ ಬಿದ್ದು ಆಗ ಎರಡು ತಿಂಗಳಾಗಿತ್ತು. ಶಾಲು, ತೆಂಗಿನಕಾಯಿ, ಫೋಟೋ ಎಲ್ಲ ಆಗಿತ್ತು. ನಮ್ಮ ರಜೆ ಯಾವತ್ತು ಅಂತ ಅವರು ಕೇಳಿರಲಿಲ್ಲ, ನಿಮ್ಮ ಹುಡುಗರು ಯಾವತ್ತು ಬರುತ್ತಾರೆ ಅಂತ ನಾವೂ ಕೇಳಿರಲಿಲ್ಲ.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಯಾಕೆಂದರೆ, ವಿಶ್ವವಿದ್ಯಾಲಯ ಮತ್ತು ಉದ್ಯಮದ ಸಹಯೋಗ ಅಂದಕೂಡಲೇ ನಮಗೆ ಸಿಗುವುದು ಬರೀ ದೊಡ್ಡ ಕಥೆಗಳು. ನಾವು ಸಹಿ ಹಾಕಿದ ವರ್ಷವೇ, 2023ರ ಅಕ್ಟೋಬರಿನಲ್ಲಿ, ಐಐಟಿ ಬಾಂಬೆಯಲ್ಲಿ ಹುಟ್ಟಿದ ಇಮ್ಯುನೊಆಕ್ಟ್ ಕಂಪನಿಯ ಕ್ಯಾನ್ಸರ್ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ ಅನುಮತಿ ಸಿಕ್ಕಿತು. ಟಾಟಾ ಮೆಮೋರಿಯಲ್ ಆಸ್ಪತ್ರೆಯ ಜೊತೆ ಸೇರಿ ಬೆಳೆಸಿದ ಕೆಲಸ ಅದು. ದೊಡ್ಡ ಸಾಧನೆ, ಖುಷಿಯ ವಿಷಯ. ಆದರೆ ಅರವತ್ತು ಜನರ ಒಂದು ಅಲ್ಯೂಮಿನಿಯಂ ಡೈ ಕಾಸ್ಟಿಂಗ್ (ಕರಗಿದ ಲೋಹವನ್ನು ಅಚ್ಚಿಗೆ ಒತ್ತಿ ಬಿಡಿಭಾಗ ಮಾಡುವ) ಶಾಪಿಗೆ ಅದರಿಂದ ಕಲಿಯಲು ಸಿಗುವುದು ಕಡಿಮೆ. ನಮ್ಮಂಥವರ ಕಥೆ ಯಾರೂ ಬರೆಯುವುದಿಲ್ಲ, ಬಹುಶಃ ಬರೆದರೆ ಸ್ವಲ್ಪ ಮಾನ ಹೋಗುತ್ತದೆ ಅಂತ.

ಶುರುವಾದದ್ದು ಊಟದ ಪಂಕ್ತಿಯಲ್ಲಿ. 2022ರ ರಾಜ್ಯೋತ್ಸವದ ಒಂದು ಕಾರ್ಯಕ್ರಮದಲ್ಲಿ ನಮ್ಮ ಸಾಹುಕಾರರ ಪಕ್ಕದ ಎಲೆಗೆ ಒಬ್ಬರು ಮೇಡಂ ಕೂತಿದ್ದರು. ಸಾಹುಕಾರರು ಬೈಲಹೊಂಗಲ ಕಡೆಯವರು, ಮೇಡಂ ಧಾರವಾಡದವರು, ಇಲ್ಲಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಪ್ರೊಫೆಸರ್. "ನಮ್ಮ ಹುಡುಗ್ರಿಗೆ ಒಂದ್ ಖರೇ ಫ್ಯಾಕ್ಟರಿ ಬೇಕ್ರಿ ಸರ್" ಅಂದರಂತೆ ಅವರು. "ಕಳಸ್ರಿ, ಅದಕ್ಕೇನ" ಅಂದರಂತೆ ಇವರು. ಸಾಹುಕಾರರಿಗೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಂದರೆ ದೇವರ ಸಮಾನ. ಗುರ್ಲಹೊಸೂರಿನವರು, ನಮ್ಮ ಕಡೆಯವರು, ಮುಂಬೈಯ ವಿಜೆಟಿಐ ತಾಂತ್ರಿಕ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು, ಬಡ್ತಿ ತಪ್ಪಿಸಿದರು ಅಂತ ಬಿಟ್ಟು ಬೆಳಗಾವಿಗೆ ಬಂದು ನೇಗಿಲು ಮಾಡಿದರು ಅಂತ ಯಾರು ಸಿಕ್ಕರೂ ಹೇಳುತ್ತಾರೆ. ಪಾಠ ಮಾಡುವವನೂ ಕಬ್ಬಿಣ ಎರಕ ಹೊಯ್ಯುವವನೂ ಒಬ್ಬನೇ ಆಗಿದ್ದ ಕಾಲ ಅದು. ಈಗ ಇಬ್ಬರ ನಡುವೆ ಹದಿನೈದು ಕಿಲೋಮೀಟರ್ ಟ್ರಾಫಿಕ್ ಇದೆ.

ಅಲ್ಲಿಂದ ಸಹಿಯಾಗಲು ಎಂಟು ತಿಂಗಳು ಬೇಕಾಯಿತು. 100 ರೂಪಾಯಿಯ ಸ್ಟ್ಯಾಂಪ್ ಪೇಪರ್ ಮೇಲೆ ಏಳು ಪುಟ. (2024ರ ಅಕ್ಟೋಬರಿನಿಂದ ಮಹಾರಾಷ್ಟ್ರದಲ್ಲಿ ಅದು 500 ರೂಪಾಯಿ ಆಗಿದೆ.) ಅದರಲ್ಲಿ ಜ್ಞಾನ ವಿನಿಮಯ ಇತ್ತು, ಪರಸ್ಪರ ಸಹಕಾರ ಇತ್ತು, ಕೌಶಲ್ಯ ಇತ್ತು. ದಿನ, ದುಡ್ಡು, ಯಾರ ಕೆಲಸ ಯಾವುದು, ಇದು ಯಾವುದೂ ಇರಲಿಲ್ಲ. ವಿಶ್ವವಿದ್ಯಾಲಯಗಳಿಗೆ ಇಂಥ ಕಾಗದದ ಮೇಲೆ ಯಾಕಿಷ್ಟು ಪ್ರೀತಿ ಅಂತ ನನಗೆ ಆಮೇಲೆ ಗೊತ್ತಾಯಿತು. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಅಂಕ ಕೊಡುವಾಗ ಚಾಲ್ತಿಯಲ್ಲಿರುವ ಒಪ್ಪಂದಗಳು ಎಷ್ಟು ಅಂತಲೂ ಕೇಳುತ್ತಾರೆ. ಲೆಕ್ಕಕ್ಕೆ ಬರುವ ವಸ್ತುವನ್ನು ಜನ ಕೂಡಿಸಿಡುತ್ತಾರೆ, ಅದರಲ್ಲಿ ತಪ್ಪೇನಿದೆ. ನಾವೂ ಆ ಫೋಟೋಗೆ ಫ್ರೇಮ್ ಹಾಕಿಸಿ ಗಿರಾಕಿಗಳು ಕೂರುವ ರೂಮಿನಲ್ಲಿ ತೂಗುಹಾಕಿದ್ದೆವು. ಆಸೆ ಎರಡೂ ಕಡೆ ಇತ್ತು.

ಮೊದಲ ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳುವಂಥದ್ದು ಏನೂ ನಡೆಯಲಿಲ್ಲ. ಗುರುವಾರದ ಬದಲು ಶನಿವಾರ ಬರುವುದು ಅಂತಾಯಿತು. ಶನಿವಾರ ನಮಗೆ ಡಿಸ್ಪ್ಯಾಚಿನ ದಿನ, ಯಾರಿಗೂ ಅವರ ಜೊತೆ ಮಾತಾಡಲು ಪುರುಸೊತ್ತಿಲ್ಲ. ಹುಡುಗರಿಗೆ ಏನು ಕೆಲಸ ಕೊಡುವುದು ತಿಳಿಯದೆ ರ‍್ಯಾಕುಗಳಿಗೆ ಲೇಬಲ್ ಅಂಟಿಸಲು ಹೇಳಿದೆವು, ಹಳೇ ರಿಜೆಕ್ಷನ್ ರಿಜಿಸ್ಟರನ್ನು ಎಕ್ಸೆಲ್‌ಗೆ ಹಾಕಲು ಹೇಳಿದೆವು. ಸುಮ್ನೆ ಪುಕ್ಕಟೆ ಕೈಗಳು ಸಿಕ್ಕಿದವು ಅಂತ ನಾವು ನೋಡಿದೆವು, ಒಂದು ಸರ್ಟಿಫಿಕೇಟ್ ಸಿಕ್ಕರೆ ಸಾಕು ಅಂತ ಅವರು ನೋಡಿದರು. ನವೆಂಬರಿನಲ್ಲಿ ಪರೀಕ್ಷೆ ಬಂತು, ಮಾಯವಾದರು. ಫೆಬ್ರವರಿಯಲ್ಲಿ ಮತ್ತೆ ಎರಡು ಸಲ ಬಂದರು. ಏಪ್ರಿಲ್ ಹೊತ್ತಿಗೆ ಬ್ಲ್ಯಾಕ್‌ಬುಕ್ ತಂದುಕೊಟ್ಟರು. ಇಲ್ಲಿ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ವರದಿಗೆ ಹಾಗೇ ಅನ್ನುವುದು, ಕಪ್ಪು ರಟ್ಟು, ಬಂಗಾರದ ಅಕ್ಷರ.

ಆ ಬ್ಲ್ಯಾಕ್‌ಬುಕ್ಕಿನಲ್ಲೇ ಇತ್ತು ಅಸಲಿ ಪೆಟ್ಟು.

ಕೊನೆಯಲ್ಲಿ ಮಡಚಿಟ್ಟ ಒಂದು ದೊಡ್ಡ ಹಾಳೆ. ಬಿಡಿಸಿದರೆ ನಮ್ಮ ದೊಡ್ಡ ಗಿರಾಕಿಯ ಡ್ರಾಯಿಂಗು. ಪಂಪ್ ಹೌಸಿಂಗ್, ಪಾರ್ಟ್ ನಂಬರ್, ಟಾಲರೆನ್ಸ್, ಕೆಳಗಿನ ಮೂಲೆಯಲ್ಲಿ ಗಿರಾಕಿಯ ಹೆಸರು, ಅದರ ಮೇಲೆ ಗೌಪ್ಯ ಅನ್ನುವ ಮೊಹರು ಸ್ಪಷ್ಟವಾಗಿ ಕಾಣುತ್ತಿತ್ತು. ನಾವು ಆ ಗಿರಾಕಿಗೆ ಮಾಲು ಕೊಡುವವರು, ಅವರು ವಾಹನ ಕಂಪನಿಗೆ ಕೊಡುವವರು. ಡ್ರಾಯಿಂಗ್ ನಮ್ಮದಲ್ಲ. ಅದನ್ನು ಹೊರಗೆ ಕೊಡುವುದಿಲ್ಲ ಅಂತ ಸಹಿ ಹಾಕಿಕೊಟ್ಟಿದ್ದೇವೆ. ಬ್ಲ್ಯಾಕ್‌ಬುಕ್ಕಿನ ಒಂದು ಪ್ರತಿ ಅಷ್ಟು ಹೊತ್ತಿಗೆ ಲೈಬ್ರರಿಯಲ್ಲಿತ್ತು.

ಹುಡುಗರ ಮೇಲೆ ರೇಗಾಡಬೇಕು ಅಂತ ಎದ್ದವನು ನನ್ನ ಮೇಲ್ ತೆಗೆದು ನೋಡಿ ಮತ್ತೆ ಕೂತೆ. ಅವರಿಗೆ ಆ ಫೈಲ್ ಕಳಿಸಿದ್ದವನು ನಾನೇ. ಅಳತೆ ನೋಡಿಕೊಳ್ಳಿ ಅಂತ ಒಂದು ಸಾಲು ಬರೆದು. ಏಳು ಪುಟದ ಒಪ್ಪಂದದಲ್ಲಿ ಎರಡೂ ಪಕ್ಷದವರು ಗೌಪ್ಯತೆ ಕಾಪಾಡಬೇಕು ಅಂತ ಒಂದು ವಾಕ್ಯ ಇತ್ತು ನಿಜ. ಆದರೆ ಆ ಪಕ್ಷಗಳಲ್ಲಿ ಹುಡುಗರು ಇರಲಿಲ್ಲ, ಅವರಿಂದ ನಾವು ಯಾವ ಕಾಗದಕ್ಕೂ ಸಹಿ ತೆಗೆದುಕೊಂಡಿರಲಿಲ್ಲ, ಬಾಯಿಮಾತಿನಲ್ಲಾದರೂ ಹೇಳಿದ್ದೆನಾ ಅಂತ ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ.

ಮೇಡಂ ಅವತ್ತೇ ಮಧ್ಯಾಹ್ನ ಲೈಬ್ರರಿಗೆ ಹೋಗಿ ಪ್ರತಿ ವಾಪಸ್ ತೆಗೆದುಕೊಂಡರು. ಎಲ್ಲ ಪ್ರತಿಗಳಿಂದ ಆ ಹಾಳೆ ತೆಗೆಸಿ, ಅಳತೆ ಇಲ್ಲದ ಒಂದು ಕೈಚಿತ್ರ ಹಾಕಿಸಿ, ಹೊಸದಾಗಿ ಬೈಂಡ್ ಮಾಡಿಸಿದರು. ಗಿರಾಕಿಗೆ ಹೇಳುವುದೋ ಬೇಡವೋ ಅಂತ ನಾವು ಎರಡು ದಿನ ಒದ್ದಾಡಿದೆವು. ಹೇಳಬೇಡಿ ಅಂದವರೇ ಜಾಸ್ತಿ, ಅದರಲ್ಲಿ ನಾನೂ ಒಬ್ಬ. ಸಾಹುಕಾರರು ಮೂರನೇ ದಿನ ಒಬ್ಬರೇ ಚಾಕಣಕ್ಕೆ ಹೋಗಿ ಹೇಳಿಬಂದರು. ಬರಹದಲ್ಲಿ ಎಚ್ಚರಿಕೆ ಬಂತು, ಒಂದು ವಿಶೇಷ ಆಡಿಟ್ ಆಯಿತು, ಆರ್ಡರ್ ಉಳಿಯಿತು.

ಆಮೇಲೆ ಒಬ್ಬ ಪೇಟೆಂಟ್ ವಕೀಲರನ್ನೂ ಕೇಳಿದೆವು, ಮುಂದೆ ಇಂಥದ್ದೇನಾದರೂ ಆದರೆ ಅಂತ. ಅವರು ಹೇಳಿದ್ದು ಎಲ್ಲರಿಗೂ ಗೊತ್ತಿರಬೇಕಾದ ಮಾತು. ಹೊಸದೇನಾದರೂ ಹೊಳೆದರೆ ಮೊದಲು ಅರ್ಜಿ, ಆಮೇಲೆ ಪ್ರಕಟಣೆ. ಮೊದಲೇ ಪ್ರಕಟವಾದರೆ ಅದು ಹೊಸದಲ್ಲ ಅಂತಾಗಿ ಪೇಟೆಂಟ್ ಕೈತಪ್ಪಬಹುದು. ನಮ್ಮ ಕಾನೂನಿನಲ್ಲಿ ಹನ್ನೆರಡು ತಿಂಗಳ ವಿನಾಯಿತಿ ಇದೆ, ಆದರೆ ಅದು ಸರ್ಕಾರ ಗುರುತಿಸಿದ ಪ್ರದರ್ಶನ, ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧ, ಇಂಥ ಕೆಲವೇ ಸಂದರ್ಭಗಳಿಗೆ. ಪಿಎಚ್‌ಡಿ ಪ್ರಬಂಧಗಳಂತೂ ಶೋಧಗಂಗಾ ಅನ್ನುವ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತವೆ. ವಿಶ್ವವಿದ್ಯಾಲಯಕ್ಕೆ ಪ್ರಕಟಿಸಿದರೆ ಲಾಭ, ಕಾರ್ಖಾನೆಗೆ ಮುಚ್ಚಿಟ್ಟರೆ ಲಾಭ. ಇದು ಯಾರ ಕೆಟ್ಟತನವೂ ಅಲ್ಲ, ಆದರೆ ಮೊದಲ ದಿನವೇ ಎದುರು ಬದುರು ಕೂತು ಮಾತಾಡದಿದ್ದರೆ ಏಪ್ರಿಲಿನಲ್ಲಿ ಹೊಟ್ಟೆಗೆ ಬಂದು ಬಡಿಯುತ್ತದೆ.

ಇಷ್ಟಾದ ಮೇಲೆ ಎರಡನೇ ವರ್ಷ ಇರುವುದಿಲ್ಲ ಅಂದುಕೊಂಡಿದ್ದೆ. ಮೇಡಂ ಜುಲೈನಲ್ಲಿ ತಾವೇ ಬಂದರು, ಒಂದು ಡಬ್ಬಿ ಧಾರವಾಡ ಪೇಡೆ ಹಿಡಿದುಕೊಂಡು. "ಹೋದ ವರ್ಷ ನೀವು ನಮಗ ಕೆಲಸಾ ಕೊಡ್ಲಿಲ್ಲ, ನಾವು ನಿಮಗ ಹುಡುಗ್ರನ್ನ ಕೊಡ್ಲಿಲ್ಲ. ಈ ಸಲ ಒಂದ ಪ್ರಶ್ನೆ ಕೊಡ್ರಿ, ಒಂದs" ಅಂದರು.

ಪ್ರಶ್ನೆ ಸಿಕ್ಕಿದ್ದು ಮಾಮಾ ಕಡೆಯಿಂದ. ಮಾಮಾ ಅಂದರೆ ನಮ್ಮ ಮೂರನೇ ಮಷಿನ್ನಿನ ಸೂಪರ್‌ವೈಸರ್, ಇಂಡಿ ತಾಲ್ಲೂಕಿನವರು, ಇಪ್ಪತ್ತೆರಡು ವರ್ಷದಿಂದ ಡೈ ಕಾಸ್ಟಿಂಗಿನಲ್ಲೇ ಇದ್ದಾರೆ. ಅವರು ಬಹಳ ದಿನದಿಂದ ಒಂದು ಮಾತು ಹೇಳುತ್ತಿದ್ದರು: "ಚಾ ಕುಡದ ಬಂದ ಮ್ಯಾಲಿನ ಮಾಲs ಭಾಳ ಲೀಕ್ ಆಗತೈತಿ." ನಾವು ನಕ್ಕು ಬಿಡುತ್ತಿದ್ದೆವು.

ಲೀಕ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಎಡಿಸಿ12 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹವನ್ನು ಸುಮಾರು 660 ಡಿಗ್ರಿಯಲ್ಲಿ ಕರಗಿಸಿ, ಪ್ಲಂಜರ್ ಒತ್ತಿ ಉಕ್ಕಿನ ಅಚ್ಚಿಗೆ, ಅಂದರೆ ಡೈಗೆ, ನುಗ್ಗಿಸುತ್ತೇವೆ. ಪ್ಲಂಜರ್ ಮೊದಲು ನಿಧಾನ ಹೋಗುತ್ತದೆ, ಒಂದು ಹಂತದಲ್ಲಿ ಜೋರಾಗುತ್ತದೆ. ಹೀಗೆ ಒಂದು ಸಲ ಎರಕ ತುಂಬಿ ತೆಗೆಯುವುದೇ ಒಂದು ಶಾಟ್, ಅದು ಆಗುವುದು ಒಂದು ನಿಮಿಷದೊಳಗೆ. ಗಾಳಿಯೋ ಹಬೆಯೋ ಒಳಗೆ ಸಿಕ್ಕಿಹಾಕಿಕೊಂಡರೆ ಲೋಹದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತದೆ. ನಾವು ಬ್ಲೋ ಹೋಲ್ ಅನ್ನುತ್ತೇವೆ, ಮೇಡಂ ಪೊರೊಸಿಟಿ ಅನ್ನುತ್ತಾರೆ. ಹೌಸಿಂಗಿನೊಳಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುತ್ತದೆ. ಗುಳ್ಳೆ ಬಂದರೆ ಆ ಪೀಸ್ ಹೋಯಿತು. ಆಗ ನಮ್ಮಲ್ಲಿ ನೂರಕ್ಕೆ ಒಂಬತ್ತು ಹೀಗೆ ಹೋಗುತ್ತಿದ್ದವು.

ಈ ಸಲ ಏಳು ಪುಟ ಬೇಡ ಅಂತ ಎರಡು ಪುಟದ ಪತ್ರ ಬರೆದೆವು. ಬರುವ ದಿನ ಮಂಗಳವಾರ. ಹುಡುಗರಿಗೆ ಕಾಲೇಜಿನಲ್ಲಿ ಒಬ್ಬರು ಗೈಡ್, ಇಲ್ಲಿ ಒಬ್ಬರು ಗೈಡ್, ಇಲ್ಲಿನವರು ಮಾಮಾ. ಪ್ರತಿ ಮಂಗಳವಾರ ಅವರ ಎರಡು ಗಂಟೆ ಇದಕ್ಕೇ, ಪ್ರೊಡಕ್ಷನ್ ಲೆಕ್ಕದಿಂದ ಅದನ್ನು ಕಳೆಯಬೇಕು. ಡ್ರಾಯಿಂಗ್ ಕೊಡುವುದಿಲ್ಲ, ಆ ಬಿಡಿಭಾಗಕ್ಕೆ ನಾವೇ ಒಂದು ಅಡ್ಡಹೆಸರು ಇಟ್ಟೆವು, ಕಡುಬು ಅಂತ. ಪ್ರತಿ ಹುಡುಗನ ಸಹಿ ಬೇರೆ ಬೇರೆ. ಏನೇ ಪ್ರಕಟಿಸುವುದಿದ್ದರೂ ಮೂವತ್ತು ದಿನ ಮೊದಲು ನನಗೆ ತೋರಿಸಬೇಕು, ಆ ಮೂವತ್ತು ದಿನದಲ್ಲಿ ನಾನು ಉತ್ತರ ಕೊಡದಿದ್ದರೆ ಒಪ್ಪಿದಂತೆ. ಕೊನೆಯದನ್ನು ಸೇರಿಸಿದ್ದು ಮೇಡಂ, ಅವರಿಗೆ ನನ್ನ ಸ್ವಭಾವ ಅಷ್ಟರಲ್ಲಿ ಗೊತ್ತಾಗಿತ್ತು.

ದುಡ್ಡು ಒಂದೂವರೆ ಲಕ್ಷ. ಇದು ದೊಡ್ಡ ಮೊತ್ತವಲ್ಲ, ಆದರೆ ಕೊಟ್ಟ ಮೇಲೆ ನಮ್ಮವರು ಮೀಟಿಂಗಿಗೆ ಸರಿಯಾದ ಟೈಮಿಗೆ ಬರತೊಡಗಿದರು ಅನ್ನುವುದಂತೂ ನಿಜ. ಅದರ ಮೇಲಿನ ಜಿಎಸ್‌ಟಿಯದ್ದೇ ಒಂದು ಪುರಾಣ. 2024ರ ಆಗಸ್ಟಿನಲ್ಲಿ ಸಂಶೋಧನಾ ಅನುದಾನಕ್ಕೆ ತೆರಿಗೆ ಕಟ್ಟಿಲ್ಲ ಅಂತ ಐಐಟಿ ದೆಹಲಿಯೂ ಸೇರಿ ಕೆಲವು ಸಂಸ್ಥೆಗಳಿಗೆ ನೋಟಿಸ್ ಹೋಗಿ ಗಲಾಟೆಯಾಗಿತ್ತು. ಸೆಪ್ಟೆಂಬರ್ 9ರಂದು ಜಿಎಸ್‌ಟಿ ಮಂಡಳಿಯ 54ನೇ ಸಭೆ, ಸರ್ಕಾರಿ ಇಲ್ಲವೇ ಖಾಸಗಿ ಅನುದಾನದಿಂದ ನಡೆಯುವ ಸಂಶೋಧನೆಗೆ ವಿನಾಯಿತಿ ಕೊಡಬೇಕು ಅಂತ ತೀರ್ಮಾನಿಸಿತು. ವಿಶ್ವವಿದ್ಯಾಲಯದ ಅಕೌಂಟ್ಸ್‌ನವರು ಪೇಪರ್ ಓದಿ, ಹಾಗಾದರೆ ತೆರಿಗೆ ಇಲ್ಲ ಅಂದರು. ನಮ್ಮ ಅಕೌಂಟೆಂಟ್, ಇದು ಅನುದಾನ ಅಲ್ಲ ಸ್ವಾಮಿ, ನಮ್ಮ ಕೆಲಸಕ್ಕೆ ಕೊಡುವ ಕನ್ಸಲ್ಟನ್ಸಿ ಫೀಸು, ನೂರಕ್ಕೆ 18 ಹಾಕಲೇಬೇಕು ಅಂದರು. ಮೂರು ವಾರ ಪತ್ರ ಓಡಾಡಿತು. ಕೊನೆಗೆ 27,000 ಸೇರಿಸಿ ಬಿಲ್ ಬಂತು. ಆ 27,000ವನ್ನು ನಾವು ನಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಿತ್ತು, ಹಾಗಾಗಿ ನಷ್ಟ ಏನೂ ಇರಲಿಲ್ಲ. ಹೋದದ್ದು ಮೂರು ಮಂಗಳವಾರ.

ಹುಡುಗರು (ಈ ಸಲ ಮೂವರು, ಅವರಲ್ಲಿ ಒಬ್ಬಳು ಸೊಲ್ಲಾಪುರದ ಕನ್ನಡದ ಹುಡುಗಿ) ಮೊದಲು ಮಾಡಿದ್ದು ತೀರಾ ಸಣ್ಣ ಕೆಲಸ. ಪ್ರತಿ ಪೀಸಿಗೆ ಶಾಟ್ ನಂಬರ್ ಮತ್ತು ಟೈಮ್ ಬರೆಯುವುದು. ನಾವು ಅಲ್ಲಿಯವರೆಗೆ ರಿಜೆಕ್ಷನ್ನನ್ನು ಶಿಫ್ಟಿನ ಲೆಕ್ಕದಲ್ಲಿ ಬರೆಯುತ್ತಿದ್ದೆವು: ಇವತ್ತು ಇಷ್ಟು, ನಿನ್ನೆ ಅಷ್ಟು. ಟೈಮ್ ಹಾಕಿ ಗ್ರಾಫ್ ಬರೆದರೆ ಹಲ್ಲಿನ ಹಾಗೆ ಎದ್ದು ಕಂಡಿತು. ಬೆಳಿಗ್ಗೆ ಶುರುವಿನಲ್ಲಿ, ಚಹಾ ಆದಮೇಲೆ, ಊಟ ಆದಮೇಲೆ, ಶಿಫ್ಟ್ ಬದಲಾದಾಗ. ಮಷಿನ್ ನಿಂತು ಮತ್ತೆ ಶುರುವಾದ ಪ್ರತಿ ಸಲವೂ ಮೊದಲ ಕೆಲವು ಶಾಟುಗಳು ಕೆಟ್ಟವು. ನಿಂತಾಗ ಡೈ ತಣ್ಣಗಾಗುತ್ತದೆ. ತಣ್ಣಗಿನ ಡೈ ಮೇಲೆ, ಪೀಸ್ ಅಂಟದಿರಲಿ ಅಂತ ಹೊಡೆಯುವ ನೀರು ಬೆರೆಸಿದ ಸ್ಪ್ರೇಯನ್ನು ಯಥಾಪ್ರಕಾರ ಹೊಡೆದರೆ ಅದರ ನೀರು ಆರುವುದಿಲ್ಲ. ಮೇಲೆ ಕುದಿಯುವ ಲೋಹ ಬಿದ್ದಾಗ ಆ ನೀರೇ ಹಬೆಯಾಗಿ ಒಳಗೆ ಕೂರುತ್ತದೆ. ಮಾಮಾ ಚಹಾದ ಬಗ್ಗೆ ಹೇಳುತ್ತಿದ್ದದ್ದು ಅಕ್ಷರಶಃ ನಿಜವಾಗಿತ್ತು. ಡೈ ಬಿಸಿಯಾಗುವವರೆಗಿನ ಶಾಟುಗಳನ್ನು ಕುಲುಮೆಗೆ ವಾಪಸ್ ಹಾಕಬೇಕು ಅಂತ ನಮ್ಮ ಪುಸ್ತಕದಲ್ಲೇ ಇದೆ, ಆದರೆ ಟಾರ್ಗೆಟ್ ಮುಟ್ಟುವ ಅವಸರದಲ್ಲಿ ಯಾರೂ ಹಾಕುತ್ತಿರಲಿಲ್ಲ. ಟಾರ್ಗೆಟ್ ಇಡುತ್ತಿದ್ದವನು ನಾನು.

ಮುಂದಿನ ಹೆಜ್ಜೆಗೆ ಜಗಳವಾಯಿತು. ಮೇಡಂಗೆ ಟಗುಚಿ ಪದ್ಧತಿಯ ಪ್ರಯೋಗ ಬೇಕಿತ್ತು: ಲೋಹದ ಬಿಸಿ, ಪ್ಲಂಜರ್ ವೇಗ ಬದಲಾಗುವ ಜಾಗ, ಕೊನೆಯ ಒತ್ತಡ, ಸ್ಪ್ರೇ ಸಮಯ. ನಾಲ್ಕು ಅಂಶ, ಪ್ರತಿಯೊಂದಕ್ಕೆ ಮೂರು ಮಟ್ಟ. ಎಲ್ಲ ಜೋಡಿಗಳನ್ನೂ ನೋಡಲು ಹೋದರೆ 81 ಪ್ರಯೋಗ, ಈ ಪದ್ಧತಿಯಲ್ಲಿ ಒಂಬತ್ತರಲ್ಲಿ ಮುಗಿಯುತ್ತದೆ. ಒಂಬತ್ತಾದರೂ ಎರಡು ದಿನ ಮಷಿನ್ ಬಿಟ್ಟುಕೊಡಬೇಕು. ದಸರಾ, ದೀಪಾವಳಿಯ ಮೊದಲು ಗಾಡಿಗಳ ಬೇಡಿಕೆ ಜೋರು, ಸಾಹುಕಾರರು ಸುತರಾಂ ಒಪ್ಪಲಿಲ್ಲ. ಹುಡುಗರಿಗೆ ಡಿಸೆಂಬರ್ ಮಧ್ಯದವರೆಗೆ ಪರೀಕ್ಷೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಮೂವರೂ ಹುಡುಕಿದರೆ ಎರಡೂ ಕಡೆ ಖಾಲಿ ಸಿಕ್ಕಿದ್ದು ಇಡೀ ವರ್ಷದಲ್ಲಿ ಒಂದೇ ಜಾಗ: ವಾಹನ ಕಂಪನಿ ರಿಪೇರಿಗೆಂದು ಬಾಗಿಲು ಹಾಕುವ ಡಿಸೆಂಬರ್ ಕೊನೇ ವಾರ. 27 ಮತ್ತು 28ರಂದು ಪ್ರಯೋಗ ಮಾಡಿದೆವು. ಎರಡೂ ದಿನ ಮಾಮಾ ಮಷಿನ್ ಬಿಟ್ಟು ಕದಲಲಿಲ್ಲ, ಚಹಾ ಅಲ್ಲಿಗೇ ಬಂತು.

ಹೆಚ್ಚು ವ್ಯತ್ಯಾಸ ಮಾಡಿದ್ದು ಸ್ಪ್ರೇ ಸಮಯ, ಆಮೇಲೆ ಪ್ಲಂಜರ್ ವೇಗ ಬದಲಾಗುವ ಜಾಗ. ಎಲ್ಲರೂ ಬೈಯುತ್ತಿದ್ದ ಲೋಹದ ಬಿಸಿಗೆ, ನಾವು ನೋಡಿದ ಮಿತಿಯಲ್ಲಿ, ಅಷ್ಟೇನೂ ಪಾತ್ರ ಇರಲಿಲ್ಲ. ಜನವರಿಯಿಂದ ಸ್ಪ್ರೇ ಕಡಿಮೆ ಮಾಡಿ ಅದರ ಮೇಲೆ ಗಾಳಿ ಊದುವುದನ್ನು ಹೆಚ್ಚಿಸಿದೆವು. ಮಷಿನ್ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಂತರೆ ಮೊದಲ ಐದು ಶಾಟ್ ನೇರ ಕುಲುಮೆಗೆ, ಅವು ಟಾರ್ಗೆಟ್ಟಿನ ಲೆಕ್ಕಕ್ಕೆ ಬರುವುದಿಲ್ಲ. ಮಾರ್ಚ್ ಹೊತ್ತಿಗೆ ಒಂಬತ್ತು ಇದ್ದದ್ದು ನಾಲ್ಕಕ್ಕೆ ಬಂತು.

ಇಲ್ಲಿ ಒಂದು ಮಾತು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಫೆಬ್ರವರಿಯಲ್ಲಿ ನಾವು ಇಂಗಾಟ್ (ಕರಗಿಸಲು ತರುವ ಲೋಹದ ಗಟ್ಟಿ) ತರಿಸುವ ಕಡೆಯನ್ನೂ ಬದಲಾಯಿಸಿದ್ದೆವು. ನಾಲ್ಕಕ್ಕೆ ಇಳಿದದ್ದರಲ್ಲಿ ಪ್ರಾಜೆಕ್ಟಿನ ಪಾಲೆಷ್ಟು, ಹೊಸ ಮಾಲಿನ ಪಾಲೆಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಮೇಡಂಗೆ ಇದು ಗೊತ್ತಾದಾಗ ಸಿಟ್ಟು ಬಂದಿತ್ತು, ಪ್ರಯೋಗ ನಡೆಯುವಾಗ ಮಾಲು ಬದಲಿಸುತ್ತಾರಾ ಯಾರಾದರೂ ಅಂತ. ಕಿಲೋಗೆ ನಾಲ್ಕು ರೂಪಾಯಿ ಕಡಿಮೆ ಸಿಕ್ಕರೆ ನಾವು ಬದಲಿಸುತ್ತೇವೆ, ಏನು ಮಾಡುವುದು. ಮೇಲಿಂದ ಜೂನಿನಲ್ಲಿ ಮಳೆ ಶುರುವಾದಮೇಲೆ ಅದು ಮತ್ತೆ ಆರರ ಹತ್ತಿರ ಹೋಯಿತು. ತೇವ ಹಿಡಿದ ಮಾಲಿನಿಂದ ಲೋಹದಲ್ಲಿ ಹೈಡ್ರೋಜನ್ ಸೇರುತ್ತದೆ, ಅದು ಬೇರೆಯೇ ರೋಗ.

ಮುಂಬೈಯ ಮಾತುಂಗಾದ ಯುಡಿಸಿಟಿ ಅನ್ನುವ ರಾಸಾಯನಿಕ ತಂತ್ರಜ್ಞಾನದ ಸಂಸ್ಥೆಯ ಬಗ್ಗೆ ಮೇಡಂ ಆಗಾಗ ಹೇಳುತ್ತಿರುತ್ತಾರೆ. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಶುರುವಾದದ್ದು, 2008ರಿಂದ ಐಸಿಟಿ ಅನ್ನುವ ಹೆಸರಿನಲ್ಲಿ ತಾನೇ ಒಂದು ವಿಶ್ವವಿದ್ಯಾಲಯ. ಗಿರಣಿಗಳ ಊರಿನಲ್ಲಿ ಬಟ್ಟೆಯ ರಸಾಯನ ಕಲಿಸಲು ಹುಟ್ಟಿದ ಜಾಗ ಅದು. ಅದರ ಮೊದಲ ಭಾರತೀಯ ನಿರ್ದೇಶಕರಾಗಿದ್ದ ಕೆ. ವೆಂಕಟರಾಮನ್ ಬಣ್ಣಗಳ ರಸಾಯನದಲ್ಲಿ ದೊಡ್ಡ ಹೆಸರು, ಅವರೇ 1957ರಲ್ಲಿ ಪುಣೆಗೆ ಬಂದು ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ನಡೆಸಿದರು. ಯುಡಿಸಿಟಿಯಲ್ಲಿ ಪ್ರೊಫೆಸರು ಕಾರ್ಖಾನೆಗೆ ಹೋಗುವುದು ಹೊಸದೇನಲ್ಲ ಅನ್ನುವುದು ಮೇಡಂ ಹೊಟ್ಟೆಕಿಚ್ಚು. ಅವರು ನಮ್ಮಲ್ಲಿಗೆ ಬರುವ ಮಂಗಳವಾರಗಳಿಗೆ ಮಾತ್ರ ಎರಡನೇ ವರ್ಷವೂ ಅವರ ವಿಭಾಗದಲ್ಲಿ ರಜೆ ಹಾಕಬೇಕಾಗಿತ್ತು. ಪ್ರತಿ ಪಾಠಕ್ಕೂ ಬದಲಿ ಹುಡುಕಿಟ್ಟು ಬರುತ್ತಿದ್ದರು. ನಾವು ಮಾಮಾನ ಎರಡು ಗಂಟೆಯನ್ನು ಲೆಕ್ಕ ಹಾಕಿದ್ದೆವು, ಮೇಡಂನ ಗಂಟೆಗಳನ್ನು ಯಾರೂ ಹಾಕಿರಲಿಲ್ಲ. ಆ ಎರಡು ಪುಟದಲ್ಲಿ ಉಳಿದಿದ್ದ ದೊಡ್ಡ ತೂತು ಇದು ಅಂತ ನನ್ನ ಅನಿಸಿಕೆ.

ಇನ್ನೊಂದು ಸಣ್ಣ ತೂತು ಹೆಸರಿನದು. ಮೇ ತಿಂಗಳಲ್ಲಿ ಒಂದು ಸಮ್ಮೇಳನಕ್ಕೆ ಕಳಿಸುವ ಪೇಪರ್ ನನ್ನ ಮೇಜಿಗೆ ಬಂತು, ಕರಾರಿನ ಪ್ರಕಾರ ಮೂವತ್ತು ದಿನ ಮೊದಲು. ಕಡುಬು ಕಡುಬಾಗಿಯೇ ಇತ್ತು, ಡ್ರಾಯಿಂಗ್ ಇರಲಿಲ್ಲ. ಲೇಖಕರು: ಮೂವರು ಹುಡುಗರು, ಮೇಡಂ, ನಾನು. ಕೊನೆಯಲ್ಲಿ ಕಾರ್ಖಾನೆಯ ಸಿಬ್ಬಂದಿಗೆ ಕೃತಜ್ಞತೆ. ನಾನು ಮಾಡಿದ್ದಾದರೂ ಏನು, ಮೇಲ್ ಕಳಿಸಿದ್ದು. ಮಾಮಾನ ಹೆಸರು ಯಾಕಿಲ್ಲ ಅಂತ ಕೇಳಿದರೆ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕಬಹುದ್ರಿ. ಯಾರೂ ಕೇಳಿರ್ಲಿಲ್ಲ ನೋಡ್ರಿ" ಅಂದರು. ನನ್ನದನ್ನು ತೆಗೆಸಿ ಅವರದನ್ನು ಹಾಕಿಸಿದೆವು. ಮಾಮಾ, ಪೇಪರ್ ತಗೊಂಡು ರದ್ದಿಗೆ ಹಾಕಲಾ ಅಂತ ನಕ್ಕರು. ಆದರೆ ಹಲ್ಲಿನ ಹಾಗಿದ್ದ ಆ ಗ್ರಾಫಿನ ಒಂದು ಪ್ರಿಂಟ್ ತೆಗೆಸಿಕೊಂಡು ಮೂರನೇ ಮಷಿನ್ ಪಕ್ಕ ಅಂಟಿಸಿದ್ದಾರೆ. ಹೊಸ ಆಪರೇಟರುಗಳಿಗೆ ಅದನ್ನು ತೋರಿಸಿ ಹಿಂದಿಯಲ್ಲಿ ಬೈಯುತ್ತಾರೆ.

ಸೊಲ್ಲಾಪುರದ ಹುಡುಗಿ ಈಗ ನಮ್ಮಲ್ಲೇ ಗ್ರಾಜುಯೇಟ್ ಅಪ್ರೆಂಟಿಸ್ ಆಗಿದ್ದಾಳೆ, ಕೇಂದ್ರದ ಯೋಜನೆಯಲ್ಲಿ, ಸ್ಟೈಪೆಂಡಿನ ಒಂದು ಪಾಲು ಸರ್ಕಾರದಿಂದ ವಾಪಸ್ ಬರುತ್ತದೆ. ಉಳಿದ ಇಬ್ಬರು ಸಾಫ್ಟ್‌ವೇರ್ ಕಂಪನಿಗಳಿಗೆ ಹೋದರು, ಸಂಬಳ ನಮ್ಮ ಮೂರು ಪಟ್ಟು, ಅವರನ್ನು ದೂರುವಂತಿಲ್ಲ.

ಈ ವರ್ಷದ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಸಾಹುಕಾರರಿಗೆ ಕುಲುಮೆಯ ಗ್ಯಾಸ್ ಬಿಲ್ ಕಡಿಮೆ ಆಗಬೇಕು, ಮಾಮಾಗೆ ಮಳೆಗಾಲದ ತೂತು ನಿಲ್ಲಬೇಕು, ಮೇಡಂ ಅವೆರಡನ್ನೂ ಬಿಟ್ಟು ಡೈ ಎಷ್ಟು ಶಾಟಿಗೆ ಬಿರಿಯುತ್ತದೆ ಅಂತ ನೋಡೋಣ ಅನ್ನುತ್ತಿದ್ದಾರೆ, ಅದು ಒಂದು ವರ್ಷದಲ್ಲಿ ಮುಗಿಯುವಂಥದ್ದಲ್ಲ ಅಂತ ನಾನು ಹೇಳುತ್ತಿದ್ದೇನೆ. ಮಂಗಳವಾರ ಹನ್ನೊಂದಕ್ಕೆ ಕೂರುತ್ತೇವೆ. ಅವರ ವಿಭಾಗದ ಮುಖ್ಯಸ್ಥರನ್ನೂ ಕರೆದಿದ್ದೇನೆ, ಮೇಡಂನ ಗಂಟೆಗಳ ಮಾತು ಅವರ ಮುಂದೆಯೇ ಆಗಲಿ ಅಂತ.